ಕರಿ ಎರಡರ ಗಂಟಲು

ಬೆಳಿಗ್ಗೆ ಎದ್ದಾಗ ನನ್ನ ಕೈಗಳು ನನ್ನ ಮಾತು ಕೇಳುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಅದ್ದಿಟ್ಟ ಮೇಲೆ ಕಾಫಿ ಲೋಟ ಹಿಡಿಯುವಷ್ಟು ಬಗ್ಗುತ್ತವೆ. ಬಲಗೈಯ ಉಂಗುರದ ಬೆರಳು ಅಷ್ಟಕ್ಕೂ ಒಪ್ಪುವುದಿಲ್ಲ. ಗೆಣ್ಣುಗಳೆಲ್ಲ ಊದಿ ಹಸಿಶುಂಠಿಯ ಹಾಗಾಗಿವೆ. ಆರು ವರ್ಷದ ಹಿಂದೆ ಮಧುಗಿರಿಯಲ್ಲಿ ಡಾಕ್ಟರಿಗೆ ತೋರಿಸಿದಾಗ ಅವರು, ‘ಇದು ಸಂಧಿವಾತ, ವಾಸಿಯಾಗುವುದಲ್ಲ, ಜೊತೆಯಲ್ಲಿಟ್ಟುಕೊಂಡು ಬಾಳಬೇಕಾದ್ದು’ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹಾರ್ಮೋನಿಯಂ ಬಾರಿಸುತ್ತೇನೆ ಎಂದೆ. ಚೀಟಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನನಗೆ ಡಾಕ್ಟರ ಮೇಲೇ ಸಿಟ್ಟು ಬಂತು.

ನಾನು ನಾಟಕದ ಮೇಷ್ಟ್ರು. ನಮ್ಮ ಕಡೆ ಊರಿನವರು ಸೇರಿ ಪೌರಾಣಿಕ ನಾಟಕ ಆಡಬೇಕೆಂದರೆ ಮೂರು ತಿಂಗಳು ಮುಂಚೆಯೇ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಕುರಿ ಕಾಯುವವನು, ಟ್ರ್ಯಾಕ್ಟರ್ ಓಡಿಸುವವನು, ಗಾರೆ ಕೆಲಸದವನು ಸಂಜೆ ಕೈಕಾಲು ತೊಳೆದುಕೊಂಡು ಶಾಲೆಯ ಜಗುಲಿಗೆ ಬರುತ್ತಾರೆ. ಅವರ ಬಾಯಲ್ಲಿ ಪದ್ಯ ನಿಲ್ಲಿಸುವುದು ನನ್ನ ಕೆಲಸ. ಶಿರಾ ಸೀಮೆಯ ತಾವರೆಕೆರೆಯಿಂದ ಪಾವಗಡದ ನಿಡುಗಲ್ಲಿನವರೆಗೆ ನಾನು ಬೈಯದ ಊರಿಲ್ಲ. ನಿಡುಗಲ್ ಕಡೆಯವರನ್ನು ಅರ್ಧ ತೆಲುಗಿನಲ್ಲೇ ಬೈಯುತ್ತಿದ್ದೆ, ಕನ್ನಡದ ಬೈಗುಳ ಅವರಿಗೆ ತಾಗುತ್ತಿರಲಿಲ್ಲ. ಶ್ರುತಿ ಹೋಯಿತೆಂದು ಯಾರಾದರೂ ನೆಪ ಹೇಳಿದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಎಲ್ಲರೆದುರಿಗೇ ಅನ್ನುತ್ತಿದ್ದೆ.

ಮೊದಲ ದಿನ ನಾನು ಪಾರ್ಟು ಹಂಚುವುದಿಲ್ಲ, ಗಂಟಲು ನೋಡುತ್ತೇನೆ. ಹಾರ್ಮೋನಿಯಂನ ಒಂದೊಂದು ಕೀಲಿಯನ್ನೂ ನಾವು ಮನೆ ಎನ್ನುತ್ತೇವೆ. ಬಿಳಿ ಮನೆಗಳಿಗೆ ಒಂದು ಎಣಿಕೆ, ಅವುಗಳ ನಡುವೆ ಎದ್ದು ನಿಂತಿರುವ ಕರಿ ಮನೆಗಳಿಗೆ ಇನ್ನೊಂದು. ಒಬ್ಬನ ದನಿ ಬಿಳಿ ನಾಲ್ಕರಲ್ಲಿ ಸಲೀಸಾಗಿ ನಿಲ್ಲುತ್ತದೆ, ಇನ್ನೊಬ್ಬನದು ಕರಿ ಒಂದರಲ್ಲಿ. ಅದನ್ನು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ. ಆಮೇಲೆ ಅವನು ಹಾಡುವಾಗಲೆಲ್ಲ ನನ್ನ ಕೈ ಆ ಮನೆಗೇ ಹೋಗಬೇಕು. ನಟನ ಗಂಟಲಿನ ಹಿಂದೆ ಮೇಷ್ಟ್ರು ಹೋಗಬೇಕೇ ಹೊರತು ಮೇಷ್ಟ್ರ ಕೈಯ ಹಿಂದೆ ನಟ ಬರಬಾರದು. ನನಗೆ ಕಲಿಸಿದವರು ಹೇಳಿದ ಮೊದಲ ಪಾಠ ಇದೇ.

ಬೆರಳು ಕೆಟ್ಟ ಮೇಲೆ ಬಿಳಿ ಮನೆಗಳು ಹೇಗೋ ಕೈಗೆ ಸಿಗುತ್ತಿದ್ದವು, ಅಗಲವಾಗಿವೆಯಲ್ಲ. ಕರಿ ಮನೆಗಳು ಸಣ್ಣವು. ಊದಿದ ಬೆರಳು ಅವುಗಳ ಮೇಲಿಂದ ಜಾರಿ ಪಕ್ಕದ ಮನೆಯನ್ನೂ ಒತ್ತಿಬಿಡುತ್ತಿತ್ತು. ಈಗಿನ ಹುಡುಗರು ಕೀಬೋರ್ಡ್ ತರುತ್ತಾರೆ. ಒಂದು ಬಟನ್ ಒತ್ತಿದರೆ ಬಿಳಿ ಮನೆಯಲ್ಲೇ ಬಾರಿಸುತ್ತಾ ಯಾವ ಶ್ರುತಿ ಬೇಕಾದರೂ ಹೊರಡಿಸಬಹುದು. ಅದನ್ನು ನಾನು ‘ಮದುವೆ ಮನೆಯ ಆಟದ ಸಾಮಾನು’ ಎಂದು ಊರೂರಲ್ಲಿ ಹೀಯಾಳಿಸಿದ್ದೆ. ಈಗ ಅದನ್ನೇ ಹಿಡಿದುಕೊಂಡು ಹೋಗುವುದಕ್ಕೆ ನಾಚಿಕೆ. ಕೈ ನೋಯುತ್ತದೆ ಎಂದು ಹೇಳುವುದಕ್ಕೂ ನಾಚಿಕೆ. ಹಾಗಾಗಿ ಕದ್ದು ಒಂದು ದಾರಿ ಮಾಡಿಕೊಂಡೆ: ಕರಿ ಮನೆಯ ಗಂಟಲುಗಳನ್ನು ಸದ್ದಿಲ್ಲದೆ ಬಿಳಿ ಮನೆಗೆ ಎಳೆದುಕೊಂಡು ಬಂದೆ. ಹೆಚ್ಚಿನವರು ಹೇಗೋ ಹೊಂದಿಕೊಂಡರು.

ಪುರವರದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಕುರಿ ಕಾಯುವವನಿದ್ದ. ನಲವತ್ತರ ಆಸುಪಾಸು. ಅಂಥ ಗಂಟಲನ್ನು ನಾನು ನನ್ನ ಜೀವಮಾನದಲ್ಲಿ ಎರಡೋ ಮೂರೋ ಕೇಳಿದ್ದೇನೆ. ಅಕ್ಷರ ಬಾರದು, ಮಗಳ ಕೈಲಿ ಓದಿಸಿಕೊಂಡು ಕುರಿಗಳ ಹಿಂದೆ ನಡೆಯುತ್ತಾ ಪದ್ಯ ಬಾಯಿಪಾಠ ಮಾಡುತ್ತಿದ್ದ. ಅವನಿಗೆ ರಾಜನ ಪಾರ್ಟು. ಅವನ ದನಿ ಕರಿ ಎರಡು, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ನಾನು ಅವನನ್ನು ಕರಿ ಮನೆಗಳ ಹಂಗು ಕಡಿಮೆಯಿರುವ ಬಿಳಿ ನಾಲ್ಕಕ್ಕೆ ಏರಿಸಿದೆ. ಕೆಳಗೆ ಇಳಿಸಿದರೆ ರಾಜನಿಗೆ ಗತ್ತು ಉಳಿಯುವುದಿಲ್ಲ, ನಮ್ಮ ಜನಕ್ಕೆ ಏರುದನಿಯೇ ಬೇಕು.

ಎರಡನೇ ವಾರ ಅವನೇ ಮೆಲ್ಲಗೆ ಕೇಳಿದ: ‘ಮೇಷ್ಟ್ರೇ, ಒಸಿ ಮ್ಯಾಕೆ ಹೋದಂಗಾಯ್ತು ಕಣಿ. ಗಂಟ್ಲು ಹಿಡ್ಕತದೆ.’

ನಾನು ನೆಲ ಡೊಂಕಿನ ಎಂದಿನ ಗಾದೆಯನ್ನೇ ಅವನ ಮುಖಕ್ಕೆ ಎಸೆದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

ನಾಟಕ ಮಧುಗಿರಿಯ ಒಂದು ಸಭಾಂಗಣದಲ್ಲಿ. ಈಗೀಗ ಹಗಲು ನಾಟಕಗಳೇ ಹೆಚ್ಚು, ಬೆಳಿಗ್ಗೆ ಹತ್ತಕ್ಕೇ ಪರದೆ ಮೇಲೇಳುತ್ತದೆ. ನನ್ನ ಕೈ ಸಡಿಲವಾಗುವುದೇ ಮಧ್ಯಾಹ್ನದ ಮೇಲೆ. ಮೊದಲೆರಡು ದೃಶ್ಯ ಹೇಗೋ ದಾಟಿದವು. ಮೂರನೆಯದರಲ್ಲಿ, ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ರಾಜ ಹಾಡುವ ಪದ್ಯ. ಕೊನೆಯ ಸಾಲಿನಲ್ಲಿ ದನಿಯನ್ನು ಮೇಲೆ ಒಯ್ದು ಅಲ್ಲೇ ನಿಲ್ಲಿಸಬೇಕು. ಅವನು ಒಯ್ದ. ಅದು ನಿಲ್ಲಲಿಲ್ಲ, ಹರಿದುಹೋಯಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: ‘ಲೇ, ಆಡು ಅರಚ್ದಂಗಾಯ್ತು ಕಣ್ಲಾ!’ ಶಿಳ್ಳೆ, ನಗು.

ಅವನು ನನ್ನ ಕಡೆ ತಿರುಗಿ ನೋಡಿದ. ಶ್ರುತಿ ಇಳಿಸಿ ಎಂದು ಕೇಳುತ್ತಿದ್ದ. ನಾನು ಕರಿ ಎರಡಕ್ಕೆ ಕೈ ಹಾಕಿದೆ. ಬೆರಳು ಬಗ್ಗಲಿಲ್ಲ. ಜಾರಿ ಎರಡು ಮನೆ ಒಟ್ಟಿಗೆ ಕೂಗಿದವು. ಗಾಬರಿಯಲ್ಲಿ ಮತ್ತೆ ಬಿಳಿ ನಾಲ್ಕಕ್ಕೇ ಬಂದು, ಅವನ ದನಿ ಮುಚ್ಚಿಹೋಗಲಿ ಎಂದು ಜೋರಾಗಿ ಬಾರಿಸಿದೆ. ಉಳಿದ ಪದ್ಯಗಳನ್ನೆಲ್ಲ ಅವನು ಹಾಡದೆ ಮಾತಿನಲ್ಲೇ ಹೇಳಿ ಮುಗಿಸಿದ.

ಬಣ್ಣ ಅಳಿಸಿಕೊಳ್ಳುವ ಮೊದಲೇ ಬಂದು ನನ್ನ ಕಾಲು ಮುಟ್ಟಿದ. ‘ನಿಮ್ಮ ಮರ್ಯಾದೆ ಕಳ್ದುಬುಟ್ಟೆ ಮೇಷ್ಟ್ರೇ’ ಎಂದ. ಸುತ್ತ ಹತ್ತಾರು ಜನ ನಿಂತಿದ್ದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡೆ. ‘ಹೋಗ್ಲಿ ಬುಡಪ್ಪ. ಗಂಟ್ಲಿಗೂ ವಯಸ್ಸಾಯ್ತದೆ’ ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆಯನ್ನೂ ನಾನು ನೂರು ಜನರ ಮೇಲೆ ಪ್ರಯೋಗಿಸಿದ್ದೇನೆ, ಅದು ನನ್ನ ಬಗ್ಗೆಯೇ ಇದೆ ಎಂದು ಗೊತ್ತಿರಲಿಲ್ಲ. ಅವನ ದನಿ ಹರಿದ ಆ ಅರ್ಧ ನಿಮಿಷವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ವಾರದೊಳಗೆ ಅದು ಕೊರಟಗೆರೆಯ ಚಹಾದಂಗಡಿಯಲ್ಲಿ ನನ್ನ ಕಿವಿಗೇ ಬಿತ್ತು. ನನ್ನ ಹಾರ್ಮೋನಿಯಂ ಪೆಟ್ಟಿಗೆಯ ತಪ್ಪು ಸದ್ದೂ ಅದರಲ್ಲಿತ್ತು, ಸ್ಪಷ್ಟವಾಗಿ. ಯಾರೂ ಅದನ್ನು ಗಮನಿಸಲಿಲ್ಲ.

ಆಮೇಲೂ ಎರಡು ಊರಲ್ಲಿ ನಾಟಕ ಕಲಿಸಿದೆ. ಕರಿ ಮನೆಯ ಗಂಟಲಿನವರಿಗೆ ಪದ್ಯವಿಲ್ಲದ ಪಾರ್ಟು ಕೊಟ್ಟೆ. ಆಗಲೇ ಒಬ್ಬ ನಟ ಸುದ್ದಿ ಹೇಳಿದ್ದು: ಪುರವರದ ಕಡೆಯ ಆ ಮನುಷ್ಯ ಹಾಡುವುದನ್ನೇ ಬಿಟ್ಟಿದ್ದಾನೆ, ಕುರಿಯ ಹಿಂದೆ ಹೋಗುವಾಗಲೂ ಬಾಯಿ ತೆರೆಯುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈಗೆ ಎಣ್ಣೆ ತಿಕ್ಕುತ್ತಿದ್ದವಳು ನಿಲ್ಲಿಸಿದಳು.

‘ಬೆರಳು ಬಗ್ಗಾಕಿಲ್ಲ, ಸರಿ. ತಲೆಯಾದ್ರೂ ಬಗ್ಸಿ ಬನ್ನಿ’ ಎಂದಳು.

ಕೈಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಪುರವರದ ಬಸ್ಸು ಹತ್ತಿದೆ. ನಾಟಕ ಆಗಿ ಒಂದು ವರ್ಷ ಕಳೆದಿತ್ತು. ಅವನು ಕುರಿರೊಪ್ಪದ ಬೇಲಿಗೆ ಮುಳ್ಳು ಕಟ್ಟುತ್ತಿದ್ದ. ನನ್ನನ್ನು ಕಂಡು ತನ್ನ ಕಂಬಳಿ ಹಾಸಿ ಕೂರಿಸಿದ. ನಾನು ನಿಂತೇ ಹೇಳಬೇಕಿತ್ತು, ಕೂತು ಹೇಳಿದೆ. ಕರಿ ಎರಡು, ಬಿಳಿ ನಾಲ್ಕು, ನನ್ನ ಬೆರಳು, ನನ್ನ ಸುಳ್ಳು. ಕೈ ಮುಂದೆ ಚಾಚಿ ತೋರಿಸಿದೆ. ಅವನು ಬೈದರೆ ಸಾಕು ಎನ್ನಿಸಿತ್ತು. ಅವನು ಬೈಯಲಿಲ್ಲ.

‘ಒಂದೊರ್ಸ ಆಯ್ತಲ್ಲ ಮೇಷ್ಟ್ರೇ, ಗಂಟ್ಲು ಸತ್ತೋಯ್ತು ಅಂತ ಸುಮ್ಕಾಗ್ಬುಟ್ಟೆ’ ಎಂದ. ನನ್ನ ಗೆಣ್ಣುಗಳನ್ನು ನೋಡಿ, ‘ಭಾಳ ನೋಯ್ತದಾ?’ ಎಂದು ಕೇಳಿದ.

ನನಗೆ ಅಳು ಬಂತು. ಅತ್ತೆ. ಆಮೇಲೆ ಪೆಟ್ಟಿಗೆ ಬಿಚ್ಚಿದೆ. ನಾಟಕದ ಪೆಟ್ಟಿಗೆಗೆ ಕಾಲಿನಲ್ಲೇ ಗಾಳಿ ಹಾಕುತ್ತಿದ್ದೆ, ಇದಕ್ಕೆ ಎಡಗೈಯಲ್ಲಿ ಗಾಳಿಯ ತಿದಿ ಒತ್ತಲು ಆಗುತ್ತಿರಲಿಲ್ಲ. ಅವನು ಎದುರು ಕೂತು ತಾನೇ ತಿದಿ ಒತ್ತತೊಡಗಿದ. ಎರಡೇ ಬೆರಳಲ್ಲಿ ಕರಿ ಎರಡು ಹಿಡಿದು ರಾಜನ ಪದ್ಯ ಶುರುಮಾಡಿದೆ. ಗೆಣ್ಣಿನಿಂದ ಮೊಣಕೈವರೆಗೆ ನೋವು ಹತ್ತಿತು. ಹಾಡುವ ಜಾಗ ಬಂದಾಗ ರಂಗದ ಮೇಲೆ ಮಾಡುವ ಹಾಗೆ ತಲೆಯಾಡಿಸಿ ಸನ್ನೆ ಮಾಡಿದೆ. ಅವನ ಬಾಯಿ ತೆರೆಯಿತು. ಕುರಿಗಳ ಕಡೆ ಒಮ್ಮೆ, ರಸ್ತೆಯ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡಿತು.

‘ನೀವು ಬಾರ್ಸಿ ಮೇಷ್ಟ್ರೇ’ ಎಂದ. ‘ನಾನು ಗಾಳಿ ಹಾಕ್ತೀನಿ.’

ಈಗ ಊರೂರು ತಿರುಗುವುದನ್ನು ಬಿಟ್ಟಿದ್ದೇನೆ. ಪುರವರಕ್ಕೆ ಮಾತ್ರ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಡಾಕ್ಟರು ಬೇಡವೆಂದರೂ ಬಾರಿಸುತ್ತೇನೆ, ಕರಿ ಎರಡರಲ್ಲೇ. ಕೊನೆಯ ಸಾಲು ಬಂದಾಗ ಬೆರಳು ಎತ್ತಿ ಅವನಿಗೆ ಜಾಗ ಬಿಡುತ್ತೇನೆ. ಅವನು ತಲೆ ತಗ್ಗಿಸಿ ತಿದಿ ಒತ್ತುತ್ತಲೇ ಇರುತ್ತಾನೆ, ನಾನು ಮತ್ತೆ ಬಾರಿಸುವವರೆಗೂ.