ಜೋವಿಟಾ ವಿಸಿಟ್ ವೀಸಾದಲ್ಲಿ ಬಂದದ್ದು

ನಿನ್ನೆ ಬಹರೈನಿನ ಜುಫೈರಿನ ನನ್ನ ಫ್ಲಾಟಿನಲ್ಲಿ ಕಪಾಟಿನ ಮೇಲಿಂದ ಹಳೆಯ ನೀಲಿ ಸೂಟ್‌ಕೇಸನ್ನು ಇಳಿಸಿ ತೆರೆದೆ. ಒಣ ಸಿಗಡಿಯ ವಾಸನೆ ಬಂತು. ಅದರಲ್ಲಿ ಸಿಗಡಿ ಒಯ್ದು ಏಳೆಂಟು ವರ್ಷವಾಯಿತು. ಈ ನಡುವೆ ಅದರೊಳಗೆ ಕರ್ಪೂರ ಇಟ್ಟಿದ್ದೇನೆ, ಕಾಫಿಪುಡಿ ಕಟ್ಟಿಟ್ಟಿದ್ದೇನೆ, ಜುಲೈ ತಿಂಗಳ ಬಿಸಿಲಿಗೆ ಮೂರು ದಿನ ಬಾಲ್ಕನಿಯಲ್ಲಿ ಬಾಯಿ ತೆರೆಸಿ ಮಲಗಿಸಿದ್ದೇನೆ. ಬಹರೈನಿನ ಜುಲೈಗೆ ಕಬ್ಬಿಣವೂ ಬಗ್ಗುತ್ತದೆ, ಆದರೆ ಈ ವಾಸನೆ ಬಗ್ಗಲಿಲ್ಲ. ಸಿಗಡಿ ಯುರೋಪಿನಲ್ಲೇ ಉಳಿಯಿತು, ಅದರ ಆತ್ಮ ಮಾತ್ರ ನನ್ನ ಜೊತೆ ಹಿಂತಿರುಗಿತು.

ಹೌದು, ನಾನೂ ಯುರೋಪ್ ನೋಡಿದವಳೇ, ಅದೂ ಡಿಸೆಂಬರಿನಲ್ಲಿ. ನಮ್ಮ ಶಾಲೆಯ ಇಬ್ಬರು ಅಲ್ಲಿ ಓದುತ್ತಿದ್ದರು. ಬ್ಯಾರಿ ಹುಡುಗ ಇರ್ಫಾನ್ ಹಾಲೆಂಡಿನಲ್ಲಿ, ನನ್ನ ಬೆಂಚಿನ ಜೊತೆಗಾರ್ತಿ ಜೋವಿಟಾ ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಜೋವಿಟಾಳೂ ನಾನೂ ಹುಟ್ಟಿದ್ದು ಬೆಳೆದದ್ದು ಬಹರೈನಿನಲ್ಲೇ. ಅವಳ ತಂದೆ ಸ್ಟ್ಯಾನಿ ಅಂಕಲ್‌ಗೆ ಅವಾಲಿಯಲ್ಲಿ ಕಂಪೆನಿ ಮನೆ, ತಾಯಿ ಲಿಲ್ಲಿ ಆಂಟಿ ನರ್ಸ್. ನನ್ನ ಅಪ್ಪ ಸಿತ್ರಾದಲ್ಲಿ ವೆಲ್ಡರ್. ಇರ್ಫಾನ್, ಜೋವಿಟಾ ಹೊರದೇಶಕ್ಕೆ ಓದಲು ಹೋದಾಗ ನಾನು ಇಲ್ಲೇ ಆಫೀಸು ಸೇರಿದೆ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅರ್ಜಿ ತುಂಬುವುದೆಂದರೆ ನನಗೆ ಅಂದಿನಿಂದಲೂ ಸೋಮಾರಿತನ.

ಗಲ್ಫಿನಲ್ಲಿ ಒಬ್ಬರು ವಿಮಾನ ಹತ್ತುತ್ತಾರೆಂದರೆ ಅವರ ಸೂಟ್‌ಕೇಸ್ ಅವರದ್ದಲ್ಲ, ಸಮಸ್ತರದ್ದು. ನಾನು ಹೊರಟ ಸುದ್ದಿ ತಿಳಿದ ಮಾರನೆಯ ದಿನವೇ ಲಿಲ್ಲಿ ಆಂಟಿ ಬಂದರು. ಕೈಯಲ್ಲಿ ಒಣ ಸಿಗಡಿಯ ಕಟ್ಟು, ಅದಕ್ಕೆ ಐದು ಸುತ್ತು ಪ್ಲಾಸ್ಟಿಕ್, ಆರೂ ಬದಿಗೆ ಮಾರ್ಕರಿನಲ್ಲಿ ಮಗಳ ಹೆಸರು. ಸಿಗಡಿ ಕಳೆದುಹೋದರೆ ಲೈಪ್‌ಜಿಗ್‌ನ ಪೊಲೀಸರು ತಂದುಕೊಡಲಿ ಎಂದಿರಬೇಕು.

"ಇದು ಸಣ್ಣ ಕೆಲಸ," ಎಂದರು. "ದೊಡ್ಡದು ಬೇರೆ ಉಂಟು. ಅವಳ ಟಿಕೆಟ್ ನಾನೇ ಮಾಡಿದ್ದೇನೆ, ಬರುವಾಗ ನಿನ್ನ ಪಕ್ಕದ್ದೇ ಸೀಟು. ಕೇಳಿದ್ರೆ ಎಂತಾದ್ರೂ ನೆವ ಹೇಳ್ತಾಳೆ. ನೀನು ಕರ್ಕೊಂಡೇ ಬಾ. ಎರಡು ಕ್ರಿಸ್ಮಸ್ ಆಯ್ತು ಅವಳಿಲ್ಲದೆ. ಕುಸ್ವಾರ್ ಮಾಡ್ಲಿಕ್ಕೆ ಕೂತ್ರೆ ನಂಗೆ ಕೈಯೇ ಬರುದಿಲ್ಲ."

ಕುಸ್ವಾರ್ ಎಂದರೆ ಮಂಗಳೂರು ಕ್ರೈಸ್ತರ ಕ್ರಿಸ್ಮಸ್ ತಿಂಡಿಗಳು, ತಟ್ಟೆ ತುಂಬ ಕಿಡಿಯೋ, ನೆವ್ರಿ, ಚಕ್ಕುಲಿ. ಹತ್ತು ವರ್ಷ ಆ ತಟ್ಟೆಗಳನ್ನು ಖಾಲಿ ಮಾಡಿದ ಋಣ ನನ್ನ ಮೇಲಿತ್ತು. ಕರೆದುಕೊಂಡೇ ಬರುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ನನಗೆ ಸೋಮಾರಿತನವಿಲ್ಲ.

ಮೊದಲು ಹಾಲೆಂಡಿಗೆ, ಇರ್ಫಾನನ ಊರಿಗೆ ಹೋದೆ. ಚಳಿಯ ಬಗ್ಗೆ ನನಗೆ ಭಯವೇ ಇರಲಿಲ್ಲ. ಚಳಿ ನಮಗೆ ಹೊಸದೇನಲ್ಲ, ವರ್ಷವಿಡೀ ಆಫೀಸಿನ ಏಸಿಯ ಕೆಳಗೆ ಸ್ವೆಟರ್ ಹಾಕಿಯೇ ಕೂರುವವರು ನಾವು. ತೊಂದರೆ ಆದದ್ದೂ ಅಲ್ಲೇ. ಬಹರೈನಿನಲ್ಲಿ ಚಳಿ ಇರುವುದು ಕಟ್ಟಡದ ಒಳಗೆ, ಸೆಕೆ ಇರುವುದು ಹೊರಗೆ. ಬಾಗಿಲು ದಾಟುವಾಗ ಸ್ವೆಟರ್ ಬಿಚ್ಚುವುದು, ಒಳಗೆ ಬಂದೊಡನೆ ಹಾಕುವುದು, ಇದು ನನ್ನ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ. ಅಲ್ಲಿಯೂ ಕೈ ಅದನ್ನೇ ಮಾಡಿತು. ಹೀಟರ್ ಉರಿಯುವ ಅಂಗಡಿಯಲ್ಲಿ ಕೋಟು ಹಾಕಿ ಬೆವರಿದೆ. ಬಾಗಿಲ ಹತ್ತಿರ ಬಂದಾಗ ಅಷ್ಟೇ ಶ್ರದ್ಧೆಯಿಂದ ಬಿಚ್ಚಿ ಮಡಚಿ ಕೈಮೇಲೆ ಹಾಕಿಕೊಂಡು ಹಿಮಕ್ಕೆ ಇಳಿದೆ.

ಇರ್ಫಾನ್ ಎರಡು ಸಲ ಸುಮ್ಮನೆ ನೋಡಿದ. ಮೂರನೆಯ ಸಲಕ್ಕೆ, "ಮಂಡೆ ಸಮ ಉಂಟಾ ನಿಂಗೆ?" ಎಂದು ಕೇಳಿದ. ಆಮೇಲೆ ತಾನೂ ಮೊದಲ ತಿಂಗಳು ಹೀಗೇ ಮಾಡಿ ಜ್ವರ ಹಿಡಿಸಿಕೊಂಡದ್ದನ್ನು ಒಪ್ಪಿಕೊಂಡ. ಜ್ವರ ಬಂದ ಸಂಗತಿಯನ್ನು ಮಾತ್ರ ಮನೆಗೆ ಹೇಳಿರಲಿಲ್ಲವಂತೆ. ಮನೆಯಿಂದ ದೂರ ಓದುವವರು ಎಲ್ಲರೂ ಹೀಗೆಯೇ ಏನನ್ನಾದರೂ ಹೇಳದೆ ಇಟ್ಟುಕೊಂಡಿರುತ್ತಾರೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಮೂಗು ಕೆಂಪಗೆ ಮಾಡಿಕೊಂಡು ಲೈಪ್‌ಜಿಗ್‌ನಲ್ಲಿ ರೈಲು ಇಳಿದೆ. ಜೋವಿಟಾ ಓಡಿಬಂದು ತಬ್ಬಿಕೊಂಡಳು. ಅವಳ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವ ಶಾಸ್ತ್ರ ನಡೆಯಿತು. ಗಲ್ಫಿನಿಂದ ಊರಿಗೆ ಹೋದ ಮಾವಂದಿರು ಮಾಡುತ್ತಾರಲ್ಲ, ಅದೇ ಶಾಸ್ತ್ರ. ನಾನು ನಡುವೆ ಕುಳಿತು ಒಂದೊಂದೇ ತೆಗೆದು, "ಇದು ನಿನಗೆ, ಇದೂ ನಿನಗೆ," ಎಂದು ಖರ್ಜೂರ, ಬಾದಾಮಿ, ತಲೆನೋವಿನ ಮುಲಾಮು ಹಂಚಿದೆ. ಕೊನೆಗೆ ಸಿಗಡಿಯ ಕಟ್ಟು ಬಿಚ್ಚಿದೆವು. ಜೊತೆಗೆ ವಾಸವಾಗಿದ್ದ ಜರ್ಮನ್ ಹುಡುಗಿ ಮಾತಿಲ್ಲದೆ ಬಂದು, ಆ ಚಳಿಯಲ್ಲಿ ಎರಡೂ ಕಿಟಕಿ ಪೂರ್ತಿ ತೆರೆದು, ನಮಗೊಂದು ನಗು ಕೊಟ್ಟು ಹೋದಳು. ಅಂಥ ಸಭ್ಯತೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆಮೇಲೆ ನಾನು ದೊಡ್ಡ ಗತ್ತಿನಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟೆ. ಜೋವಿಟಾ ಅದನ್ನು ನೋಡಿ ಕೆಳಗೆ ಕುಳಿತುಬಿಟ್ಟಳು.

"ನಂಗೆ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನನ್ನ ವೀಸಾ ಹೋಯ್ತು."

ನಮ್ಮಂಥವರ ಬಹರೈನ್ ವಾಸಕ್ಕೆ ಒಂದು ಶರತ್ತು ಇದೆ. ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ವಾಸದ ಪರವಾನಗಿ ಹೋಗುತ್ತದೆ. ಹುಟ್ಟಿದ್ದು ಇಲ್ಲೇ ಎಂದು ರಿಯಾಯಿತಿಯಿಲ್ಲ. ಈ ಲೆಕ್ಕ ನಮಗೆಲ್ಲ ಮಗ್ಗಿಗಿಂತ ಮೊದಲೇ ಬಾಯಿಪಾಠವಾದದ್ದು. ಈಸ್ಟರಿಗೆ ಮನೆಗೆ ಬಂದು ಹೋದ ಜೋವಿಟಾ ಅಕ್ಟೋಬರಿನೊಳಗೆ ಮತ್ತೊಮ್ಮೆ ಬರಬೇಕಿತ್ತು. ಆದರೆ ಒಂದು ಪೇಪರಿನಲ್ಲಿ ಫೇಲಾಗಿದ್ದಳು. ಮರುಪರೀಕ್ಷೆ ಅದೇ ವಾರ ಬಿತ್ತು. ಹುಟ್ಟಿದಂದಿನಿಂದ ಯಾವುದರಲ್ಲೂ ಫೇಲಾಗದ ಹುಡುಗಿ, ಅಮ್ಮನಿಗೆ ಹೇಳಲಾರದೆ ಬಾಯಿ ಮುಚ್ಚಿಕೊಂಡು ಉಳಿದಳು. ಪರೀಕ್ಷೆ ಪಾಸಾಯಿತು, ಪರವಾನಗಿ ಹೋಯಿತು.

"ಅಂಕಲ್‌ಗೆ ಗೊತ್ತಾಗಿರ್ಬೇಕಲ್ಲ?" ಎಂದೆ. ಮನೆಯ ಕಾಗದಪತ್ರವೆಲ್ಲ ನೋಡಿಕೊಳ್ಳುವುದು ಅವರೇ.

"ಗೊತ್ತುಂಟು. ಅಮ್ಮನಿಗೆ ನೀನೇ ಹೇಳ್ಬೇಕು, ನಾನು ಹೇಳುದಿಲ್ಲ ಅಂದ್ರು. ಎರಡು ತಿಂಗಳಾಯ್ತು. ನನ್ನಿಂದ ಆಗ್ತಾ ಇಲ್ಲ. ನೀನು ಹೇಳ್ತೀಯಾ?"

ಮರುದಿನ ಬೆಳಿಗ್ಗೆ ವೀಡಿಯೋ ಕಾಲ್ ಮಾಡಿದೆವು. ಹೇಳುವ ಹೊಣೆ ನನ್ನದು. ನಾನು ಹಿಮದ ಬಗ್ಗೆ ಹೇಳಿದೆ, ಟ್ರಾಮಿನ ಬಗ್ಗೆ ಹೇಳಿದೆ, ಜರ್ಮನ್ನರು ತಿನ್ನುವ ಬ್ರೆಡ್ಡಿನ ಗಟ್ಟಿತನದ ಬಗ್ಗೆ ಸುಮಾರು ಹತ್ತು ನಿಮಿಷ ಹೇಳಿದೆ. ಬ್ರೆಡ್ಡು ಮುಗಿದು ಚೀಸಿಗೆ ಬಂದಾಗ ಜೋವಿಟಾ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಒಂದೇ ಉಸಿರಿಗೆ ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿ ಅತ್ತಳು. ನನಗೂ ಅಳು ಬಂತು. ಆಚೆ ಲಿಲ್ಲಿ ಆಂಟಿ ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಕೇಳಿದರು.

"ಈಗ ಪಾಸಾಯ್ತಲ್ಲ?"

"ಆಯ್ತು."

"ಮತ್ತೆಂತ ಕೂಗುದು? ಇವರಿಗೆ ಹೇಳಿ ವಿಸಿಟ್ ವೀಸಾಕ್ಕೆ ಹಾಕಿಸ್ತೇನೆ."

ಹಿಂದಿನಿಂದ ಸ್ಟ್ಯಾನಿ ಅಂಕಲ್‌ರ ಸ್ವರ ಕೇಳಿಸಿತು. "ಹೋದ ವಾರವೇ ಹಾಕಿದ್ದೇನೆ. ಬಂದೂ ಆಯ್ತು. ಇವಳು ಬಾಯಿ ಬಿಡ್ಲಿ ಅಂತ ಕಾಯ್ತಾ ಇದ್ದೆ."

ಆಮೇಲೆ ಆ ದಂಪತಿಗಳ ನಡುವೆ ನಡೆದ ಮಾತುಕತೆ ಕೇಳಿಸಬಾರದೆಂದು ನಾವು ಫೋನು ಇಟ್ಟೆವು.

ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು ಇಬ್ಬರೂ ಬಹರೈನಿನಲ್ಲಿ ಇಳಿದೆವು. ನಾನು ಇಲ್ಲಿಯ ನಿವಾಸಿಗಳ ಸಾಲಿನಲ್ಲಿ ನಿಂತೆ. ಅಭ್ಯಾಸಬಲದಿಂದ ಜೋವಿಟಾಳೂ ನನ್ನ ಹಿಂದೆ ಬಂದು ನಿಂತಳು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ನೆನಪಾಗಿ ಪ್ರವಾಸಿಗಳ ಸಾಲಿಗೆ ಹೋದಳು. ಶಾಲೆಯ ಪ್ರಾರ್ಥನೆಯಿಂದ ಹಿಡಿದು ಎಲ್ಲ ಸಾಲುಗಳಲ್ಲೂ ನನ್ನ ಹಿಂದೆ ನಿಂತವಳು ಅವಳು. ನನ್ನ ಬೆನ್ನ ಹಿಂದೆ ಖಾಲಿಯೆನಿಸಿತು. ಬಹರೈನ್ ಅವಳಿಗಿಂತ ನನಗೆ ಹೆಚ್ಚೇನೂ ಸೇರಿದ್ದಲ್ಲ, ನನ್ನ ಪರವಾನಗಿ ಮುಗಿಯುವ ತಾರೀಕು ಇನ್ನೂ ಬಂದಿಲ್ಲ ಅಷ್ಟೆ ಎಂದು ಆ ಸಾಲಿನಲ್ಲಿ ನಿಂತೇ ನನಗೆ ಮೊದಲ ಬಾರಿ ಅರ್ಥವಾದದ್ದು.

ಹೊರಗೆ ಬಂದವಳು ನಗುತ್ತಿದ್ದಳು. "ಪಾಸ್‌ಪೋರ್ಟ್ ಕೊಡುವಾಗ ಕೌಂಟರಿನವ ಎಷ್ಟು ಚಂದ ಮಾಡಿ ವೆಲ್ಕಮ್ ಟು ಬಹರೈನ್ ಅಂದ ಗೊತ್ತುಂಟಾ? ಇಷ್ಟು ವರ್ಷದಲ್ಲಿ ನಂಗೆ ಯಾರೂ ಹಾಗೆ ಹೇಳಿರ್ಲಿಲ್ಲ." ಕಾರಿನಲ್ಲಿ ಅವಾಲಿಯ ತಿರುವು ಬರುವವರೆಗೂ ಅದನ್ನೇ ಹೇಳಿ ನಕ್ಕಳು. ಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದ ಅಮ್ಮನನ್ನು ಕಂಡ ಮೇಲೆ ನಗಲಿಲ್ಲ.

ಈಗ ಅಂಕಲ್ ನಿವೃತ್ತರಾಗಿ ದಂಪತಿಗಳು ಮಂಗಳೂರು ಸೇರಿದ್ದಾರೆ. ಅವಾಲಿಯ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಸಿತ್ರಾದ ಕೆಲಸ ಮುಗಿಸಿ ನನ್ನ ಅಪ್ಪನೂ ಊರಿಗೆ ಹೋದರು. ಜೋವಿಟಾ ಲೈಪ್‌ಜಿಗ್‌ನಲ್ಲೇ ಕೆಲಸದಲ್ಲಿದ್ದಾಳೆ. ಇನ್ನು ಅವಳಿಗೆ ಈ ದ್ವೀಪದಲ್ಲಿ ಏನು ಕೆಲಸ ಎಂದುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಅವಳ ಮೆಸೇಜು ಬಂತು. ಈ ಕ್ರಿಸ್ಮಸ್ಸಿಗೆ ಮಂಗಳೂರಿಗೆ ಹೋಗುವ ದಾರಿಯಲ್ಲಿ ಇಲ್ಲಿ ಐದು ದಿನ ಇಳಿಯುತ್ತಾಳಂತೆ, ಇಲ್ಲಿಂದ ಮುಂದೆ ನನ್ನನ್ನೂ ಹೊರಡಿಸುತ್ತಾಳಂತೆ. ಪೆಟ್ಟಿಗೆ ಇಳಿಸಿದ್ದು ಅದಕ್ಕೇ. ಮೆಸೇಜಿನ ಜೊತೆಗೆ ತನ್ನ ವೀಸಾ ಅರ್ಜಿಯ ಫೋಟೋ ಕಳಿಸಿದ್ದಳು. ಬಹರೈನಿನಲ್ಲಿ ವಿಳಾಸ ಎಂಬ ಜಾಗದಲ್ಲಿ ಜುಫೈರಿನ ನನ್ನ ಫ್ಲಾಟಿನ ನಂಬರು. ಕೆಳಗೆ ಬರೆದಿದ್ದಳು:

"ಮನೆ ಅಂತ ನಿಂದು ಹಾಕಿದ್ದೇನೆ. ಬೆಡ್‌ಶೀಟ್ ತೊಳೆದಿಡು."

ತೊಳೆದು ಹಾಕಿದ್ದೇನೆ. ಒಣಗುತ್ತಿದೆ.