ಜ್ವರದ ಮಕ್ಕಳ ಉಪ್ಪಿಟ್ಟು

ಎಪ್ಪತ್ತರ ದಶಕದ ಆ ಚಳಿಗಾಲದಲ್ಲಿ ಸಿಂದಗಿ ತಾಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ ಪಾಠಕ್ಕಿಂತ ಕೆಮ್ಮೇ ಹೆಚ್ಚು ಕೇಳುತ್ತಿತ್ತು. ಬಿಜಾಪುರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಪಳಗಿಸಿಕೊಂಡು ನಾನು ಆಗಷ್ಟೇ ಮಾಸ್ತರನಾಗಿ ಬಂದಿದ್ದೆ. ಯಾರು ಏನೇ ಹೇಳಲಿ, ‘ಯಾಕೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಫ್ಲೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಜ್ವರ ಬಂದ ಮಕ್ಕಳನ್ನು ಮನೆಯಲ್ಲೇ ಮಲಗಿಸಿ ಎಂದು ಸಿಂದಗಿಯ ಡಾಕ್ಟರು ಹೇಳಿಕಳಿಸಿದ್ದರು. ನಾನು ಮನೆಮನೆಗೆ ಹೋಗಿ ಅದನ್ನೇ ಸಾರಿದೆ. ಎಲ್ಲರೂ ‘ಹೌದ್ರಿ’ ಎಂದರು. ಮರುದಿನ ಅದೇ ಮಕ್ಕಳು ಮೂಗು ಸುರಿಸುತ್ತ ಬಂದು ಕೂತರು. ಎರಡನೇ ಇಯತ್ತೆಯ ಹುಡುಗಿಯೊಬ್ಬಳ ಮೈ ಹಂಚಿನಂತೆ ಕಾದಿತ್ತು. ಅವಳನ್ನು ವಾಪಸ್ ಮನೆಗೆ ಕರೆದೊಯ್ದೆ. ತಾಯಿ ಜೋಳದ ಕೊಯ್ಲಿಗೆ ಹೊರಟು ನಿಂತಿದ್ದಳು.

"ಯಾಕ್ ಕಳಿಸಿದಿ ಯವ್ವಾ? ನಿನ್ನೆ ಹೇಳಿರಲಿಲ್ಲೇನು?"

"ಛಲೋ ಹೇಳಿದ್ರಿ ಮಾಸ್ತರ. ಮನ್ಯಾಗ ಮಲಗಿಸಿದ್ರ ಸಾಲ್ಯಾಗಿನ ಉಪ್ಪಿಟ್ಟು ನಿಮ್ಮ ಮಾತು ತಂದ್ ಕೊಡ್ತೈತೇನ್ರಿ?"

ಶಾಲೆಯಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಗೋಧಿನುಚ್ಚಿನ ಉಪ್ಪಿಟ್ಟು ಬಂದವರಿಗೆ ಮಾತ್ರ. ಆ ಮನೆಯಲ್ಲಿ ಮಗುವಿಗೆ ಹಗಲಿನ ಊಟವೆಂದರೆ ಅದೇ. ಜ್ವರದ ಮಗು ಮಲಗಬೇಕಿತ್ತು, ಮಲಗಿದರೆ ಉಪವಾಸ. ನಾನು ಸೀದಾ ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ.

"ಜ್ವರದ ಮಕ್ಕಳ ಉಪ್ಪಿಟ್ಟು ಮನಿಗೆ ಕಳಿಸೂದಾ?" ಅವರು ಕನ್ನಡಕ ತೆಗೆದರು. "ನಾಳೆ ಇಡೀ ಊರಿಗೇ ಜ್ವರ ಬರ್ತೈತಿ ನೋಡು!"

"ಒಬ್ಬೊಬ್ಬರ ಹಣಿ ಮುಟ್ಟಿ ನೋಡ್ತೇನ್ರಿ."

"ಸಾಲಿಗೆ ಬಂದವ್ರಿಗೆ ಅಷ್ಟ ಕೊಡ್ರಿ ಅಂತ ಹುಕುಂ ಐತಿ."

"ಈಗೂ ಬಂದವ್ರಿಗೇ ಕೊಡಾಕತ್ತೇವ್ರಿ. ಸಾಲಿಗೆ ಜ್ವರಾನೂ ಬಂದೈತಿ, ಅದಕ್ಕೂ ನಾವ ಉಣಿಸಾಕತ್ತೇವಿ. ಹಿಂಗ ಬಿಟ್ರ ನಾಳೆ ಉಣ್ಣಾಕ ಮಕ್ಕಳ ಇರೂದಿಲ್ಲ, ಬಡಸಾಕ ನಾವೂ ಇರೂದಿಲ್ಲ."

ನಾನು ಹೇಳಿ ಮುಗಿಸುವಷ್ಟರಲ್ಲಿ ಅವರೇ ಎರಡು ಸಲ ಸೀನಿದರು. "ಸಾಕ್ ಮಾರಾಯ, ಕೊಡು. ತಪಾಸಣಿಗೆ ಸಾಹೇಬ್ರು ಬಂದ್ರ ಮಾತಾಡಾಂವ ನೀನ."

ನಾನು ಮತ್ತೆ ಮನೆಮನೆಗೆ ಹೋದೆ. ಈ ಸಲ ಸೋಂಕಿನ ಭಾಷಣವಿಲ್ಲ. ಮಗುವನ್ನು ಮಲಗಿಸಿ, ಪಾತ್ರೆ ಕೊಟ್ಟು ದೊಡ್ಡವರನ್ನು ಕಳಿಸಿ ಎಂದಷ್ಟೇ ಹೇಳಿದೆ.

ಮರುದಿನ ಆ ಹುಡುಗಿ ಬರಲಿಲ್ಲ. ಮಧ್ಯಾಹ್ನ ಅವಳ ಅಜ್ಜಿ ಬಂದಳು. ಕೈಯಲ್ಲಿದ್ದದ್ದು ಮದುವೆಮನೆಗೆ ಸಾಲುವಂಥ ಭೋಗಾಣಿ.

"ಯಮ್ಮಾ, ಜ್ವರ ಬಂದಿದ್ದು ಒಂದ ಹುಡುಗಿಗೆ," ಎಂದೆ.

"ಹೌದ್ರೀ ಮಾಸ್ತರ. ಅಕಿನ್ನ ಕಾಯ್ಕೋತ ಕೂಡಾಕಿ ನಾ. ನನಗ ಹಸಿವಿಲ್ಲೇನ್ರಿ?"

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. "ಹೂಂ, ಈಗ ವಾದಾ ಮಾಡು ನೋಡೂಣು," ಎಂದರು.

ನಾನು ಇನ್ನೊಂದು ಸೌಟು ಹಾಕಿದೆ.