ಬಾಗಿಲ ಹಿಂದಿನ ಆಕಾಶ

ಹುಲಿಗೆಮ್ಮನನ್ನು ನಾನು ಮೊದಲು ಕಂಡದ್ದು ಸಾವಿರದ ಒಂಬೈನೂರ ನಲವತ್ತೆರಡರ ಮೇ ತಿಂಗಳಲ್ಲಿ, ಜಗಳೂರಿನ ನನ್ನ ಮಾವನವರ ಮನೆಯ ಹಿತ್ತಲಿನಲ್ಲಿ. ದೀಪ ಹಚ್ಚುವ ಹೊತ್ತು. ನನ್ನ ಹೆಂಡತಿ ಅನ್ನಪೂರ್ಣಮ್ಮನಿಗೆ ಮಧ್ಯಾಹ್ನದಿಂದಲೇ ನೋವು ಶುರುವಾಗಿತ್ತು, ಚೊಚ್ಚಲು. ಸೂಲಗಿತ್ತಿ ಬಂದಳು ಎಂದು ಯಾರೋ ಅಂದರು. ತೆಳ್ಳಗೆ ಎತ್ತರವಾಗಿದ್ದ ಹೆಂಗಸು, ಐವತ್ತರ ಆಸುಪಾಸು. ಮಾಸಿದ ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕಂಕುಳಲ್ಲಿ ಒಂದು ಬಟ್ಟೆ ಗಂಟು, ಅದರಿಂದ ಕುಡುಗೋಲಿನ ಕಾವು ಹೊರಗೆ ಕಾಣುತ್ತಿತ್ತು.

ಆಕೆ ನೇರವಾಗಿ ಒಳಗೆ ಹೋಗಲಿಲ್ಲ. ಹಿತ್ತಲಿನ ನಡುವೆ ನಿಂತು ಕತ್ತೆತ್ತಿ ನೋಡಿದಳು. ಬಚ್ಚಲಿನ ಮುಂದೆ ಹಾಕಿದ್ದ ಸೋಗೆಯ ಚಪ್ಪರ ಪೂರ್ವ ದಿಕ್ಕನ್ನು ಮುಚ್ಚಿತ್ತು.

"ಮೇಷ್ಟ್ರೆ, ಈ ಸೋಗೆ ಸರಿಸ್ರಿ. ಮೂಡಲ ಕಡೆ ಏನೂ ಕಾಣಂಗಿಲ್ಲ."

"ಹೆರಿಗೆ ಆಗೋದು ಒಳಗಲ್ಲವೇನಮ್ಮ?"

"ಹೆರಿಗೆ ಒಳಗೇ. ಹೊತ್ತು ಇರೋದು ಹೊರಗೆ."

ನಾನು ಸಾಸ್ವೆಹಳ್ಳಿಯವನು. ನಮ್ಮ ಮನೆತನದಲ್ಲಿ ಬಿ.ಎಸ್‌ಸಿ. ಮುಗಿಸಿದವರಲ್ಲಿ ನಾನೇ ಮೊದಲಿಗ. ಜಗಳೂರಿನ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಕೈಯಲ್ಲಿ ಗಡಿಯಾರವಿತ್ತು. ಮುದುಕಿಯ ಹಟ ಎಂದುಕೊಂಡೇ ಸೋಗೆ ಸರಿಸಿದೆ.

ಬೆಳಗಿನ ಜಾವ ಮಗಳು ಹುಟ್ಟಿದಳು. ಹೊತ್ತು ಬರೆದುಕೊಳ್ಳಲು ಗಡಿಯಾರ ನೋಡಿದರೆ ಹನ್ನೊಂದೂವರೆ. ಗಾಬರಿಯಲ್ಲಿ ಕೀಲಿ ಕೊಡುವುದನ್ನು ಮರೆತಿದ್ದೆ. ಹುಲಿಗೆಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಮುಖ, ನಿಂತ ಗಡಿಯಾರ ಎರಡನ್ನೂ ನೋಡಿದಳು.

"ಉಸಿರಾಡ್ತಾ ಐತಾ ನೋಡ್ರಿ ಮೇಷ್ಟ್ರೆ. ಇಲ್ಲಾಂದ್ರೆ ಇಲ್ಲಿ ಕೊಡ್ರಿ, ಬೆನ್ನಿಗೆ ಎರಡು ತಟ್ತೀನಿ."

ಆಮೇಲೆ ಪೂರ್ವಕ್ಕೆ ತೋಳು ಚಾಚಿ, ಮುಷ್ಟಿ ಕಟ್ಟಿ, ಅದರ ಕೆಳ ಅಂಚನ್ನು ನೆಲದ ಅಂಚಿಗೆ ಸರಿ ಹಿಡಿದಳು. ಮುಷ್ಟಿಯ ಮೇಲಂಚಿನಲ್ಲಿ ಬೆಳ್ಳಿ, ಅಂದರೆ ಶುಕ್ರ, ಹೊಳೆಯುತ್ತಿತ್ತು. "ಬೆಳ್ಳಿ ಮೂಡಿ ಒಂದು ಹಿಡಿ ಏರೈತೆ. ಬರ್ಕೊಳ್ರಿ." ಬೆಳಿಗ್ಗೆ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಒಂದು ಹಿಡಿ ಎಂದರೆ ನಲವತ್ತು ನಿಮಿಷ. ಕಾಲೇಜಿನಲ್ಲಿ ಹತ್ತು ಡಿಗ್ರಿ ಎಂದು ನಾವು ಕಲಿತದ್ದನ್ನೇ ಆಕೆ ಹಿಡಿ ಎನ್ನುತ್ತಿದ್ದಳು.

ಹನ್ನೆರಡನೆಯ ದಿನ ಸೀರೆ, ಅಕ್ಕಿ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಆಗ ಬಾಗಿಲಿನ ಹಿಂಭಾಗ ನೋಡಿದೆ. ಒಂದೇ ಹಲಗೆಯ ಹಳೆಯ ಬಾಗಿಲು. ಅದರ ತುಂಬ ಕುಡುಗೋಲಿನ ತುದಿಯಿಂದ ಕೊರೆದ ಚೌಕಗಳು. ಒಂದು ಹೆರಿಗೆಗೆ ಒಂದು ಚೌಕ. ಮೂಲೆಯಲ್ಲಿ ಮನೆಯ ಗುರುತು, ಒಳಗೆ ಆ ಹೊತ್ತಿನ ಆಕಾಶ: ಚಂದ್ರನಿಗೆ ಒಂದು ಗುಂಡು, ಚುಕ್ಕಿಗಳಿಗೆ ತೂತು, ನಡುವಿನ ಪ್ರತಿ ಹಿಡಿಗೆ ಒಂದು ಗೀರು. ಮಾವನವರ ಮನೆಯ ಮುಂದೆ ಬೇವಿನ ಮರವಿದ್ದುದರಿಂದ ನಮ್ಮ ಗುರುತು ಬೇವಿನ ಎಲೆ. ಅಲ್ಲಲ್ಲಿ ಕೆಲವು ಚೌಕಗಳಲ್ಲಿ ಮನೆಯ ಗುರುತು ಮಾತ್ರವಿತ್ತು, ಒಳಗೆ ಏನೂ ಇರಲಿಲ್ಲ. ಯಾಕೆಂದು ಅಂದು ಕೇಳಲಿಲ್ಲ.

ಮರುವರ್ಷ ನನ್ನ ನಾದಿನಿ ಕೊಟ್ರಮ್ಮನಿಗೆ ಚನ್ನಗಿರಿಯಿಂದ ಸಂಬಂಧ ಬಂತು. ಹುಡುಗ, ಹುಡುಗಿ ಇಬ್ಬರಿಗೂ ಒಪ್ಪಿಗೆ. ಹುಡುಗನ ತಂದೆ ಮಹೇಶ್ವರಪ್ಪನವರು ಜವಳಿ ವ್ಯಾಪಾರಿಗಳು. ಜಾತಕ ಕಳಿಸಿದ ವಾರಕ್ಕೆ ಅವರಿಂದ ಕಾಗದ ಬಂತು: ಹುಡುಗಿಯದು ಮೂಲಾ ನಕ್ಷತ್ರ, ಮಾವನಿಗೆ ಆಗಿಬರುವುದಿಲ್ಲ, ಕ್ಷಮಿಸಬೇಕು. ಇದೇ ಕಾರಣಕ್ಕೆ ಮುರಿದ ಮೂರನೆಯ ಸಂಬಂಧ ಅದು. ಕೊಟ್ರಮ್ಮ ಊಟ ಬಿಟ್ಟು ಮಲಗಿದಳು.

ಬಾಣಂತನದ ಎಣ್ಣೆ ಕೊಡಲು ಪಕ್ಕದ ಮನೆಗೆ ಬಂದಿದ್ದ ಹುಲಿಗೆಮ್ಮನ ಕಿವಿಗೆ ಇದು ಬಿತ್ತು. ನಮ್ಮ ಮನೆಯೊಳಗೆ ಬಂದವಳೇ ಮಾವನವರನ್ನು ಕೇಳಿದಳು:

"ಮೂಲಾ ಅಂತ ಯಾರು ಹೇಳಿದ್ರು ಮರುಳಪ್ಪನೋರೆ? ಈ ಕೂಸು ನನ್ನ ಕೈಗೆ ಬಂದಾಗ ಚಂದ್ರ ಚೇಳಿನ ಕೊಂಡಿಗಿಂತ ಎರಡೂವರೆ ಹಿಡಿ ಆಚೆ ಇದ್ದ."

ಆಕೆ ಹೇಳಿದ್ದು ಬೇಸಿಗೆಯ ಕೊನೆಯಲ್ಲಿ ತೆಂಕಣದಲ್ಲಿ ಕಾಣುವ ಚೇಳಿನಾಕಾರದ ಚುಕ್ಕಿಗಳನ್ನು. ಅದರ ಕೊಂಡಿಯಿಂದ ಮೂಲಾ ಶುರುವಾಗುತ್ತದೆ. ಒಂದು ಹಿಡಿ, ಮೇಲೆ ಹಿಡಿಯ ಮೂರನೆಯ ಒಂದು ಪಾಲು ದಾಟಿದರೆ ಮುಂದಿನ ನಕ್ಷತ್ರ, ಪೂರ್ವಾಷಾಢ. ಚಂದ್ರ ದಿನಕ್ಕೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಜಾತಕದಲ್ಲಿ ಒಂದು ದಿನ ತಪ್ಪಿತ್ತು. ಹೇಗೆ ತಪ್ಪಿತು ಎಂಬುದು ಮಾವನವರನ್ನು ಕೇಳಿದಾಗ ಹೊಳೆಯಿತು. ಜಾತಕ ಬರೆಸುವಾಗ ಅವರು ಹೇಳಿದ್ದು "ಶುಕ್ರವಾರ ರಾತ್ರಿ ಎರಡು ಗಂಟೆ". ನಮ್ಮ ಕಡೆ ಸೂರ್ಯ ಮೂಡುವವರೆಗೆ ಶುಕ್ರವಾರವೇ. ಬರೆದವರು ಗಡಿಯಾರದ ಲೆಕ್ಕ ಹಿಡಿದು, ಶುಕ್ರವಾರ ಬೆಳಗಾಗುವುದಕ್ಕೆ ಮುಂಚಿನ ಎರಡು ಗಂಟೆ ಎಂದುಕೊಂಡಿದ್ದರು. ಪಾಪದ ಹುಡುಗಿಗೆ ಹದಿನಾರು ವರ್ಷ ಇನ್ನೊಂದು ರಾತ್ರಿಯ ಚಂದ್ರ ಅಂಟಿಕೊಂಡಿದ್ದ.

"ಈಗ ಹೇಳಿದ್ರೆ ನಂಬ್ತಾರೇನಪ್ಪ?" ಎಂದರು ಮಾವ. "ಮದುವೆಗೋಸ್ಕರ ದಿನ ತಿದ್ದಿದ್ರು ಅಂತಾರೆ."

"ನನ್ನ ಬಾಗಿಲು ಐತಲ್ಲ," ಎಂದಳು ಹುಲಿಗೆಮ್ಮ.

ಹೀಗೆ ನಾವು ಮೂವರು ಚನ್ನಗಿರಿಗೆ ಹೊರಟೆವು. ತಿರುಗಣಿಯಿಂದ ಎತ್ತಿದ ಬಾಗಿಲು ಬಸ್ಸಿನ ಮೇಲೇರಿತು. ಯುದ್ಧದ ಕಾಲ, ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವ ಬಸ್ಸು. ಕಂಡಕ್ಟರು ಹಗ್ಗ ಬಿಗಿಯುತ್ತ ಕೇಳಿದ:

"ಏನಮ್ಮಾ, ಬಾಗಿಲು ಇಲ್ಲೈತೆ. ಮನೆ ಹಿಂದಿನ ಬಸ್ಸಿಗೆ ಬರ್ತೈತಾ?"

"ಮನೆ ಹೇರಿದ್ರೆ ನಿನ್ನ ಬಸ್ಸು ಏಳಾಕಿಲ್ಲ ಕಣಪ್ಪ. ಬಾಗಿಲಿಗೇ ಕೆಮ್ತಾ ಐತೆ."

ಬಾಗಿಲಿಲ್ಲದ ಮನೆ ಬಿಟ್ಟು ಬಂದಿದ್ದೀಯಲ್ಲ ಎಂದು ನಾನು ಕೇಳಿದ್ದಕ್ಕೆ, ಪಕ್ಕದ ಮನೆ ಕೆಂಪಕ್ಕನ ಕಂಬಳಿ ಇಳಿಬಿಟ್ಟು ಬಂದಿದ್ದೀನಿ, ಒಳಗೆ ಕದಿಯಾಕೆ ಏನೈತೆ, ಇದ್ದದ್ದು ಬಾಗಿಲಿನಲ್ಲೇ ಇತ್ತು ಎಂದಳು.

ಚನ್ನಗಿರಿ ಸೇರಿದಾಗ ಸಂಜೆ. ಬಾಗಿಲನ್ನು ಮಹೇಶ್ವರಪ್ಪನವರ ಜಗಲಿಯ ಕಂಬಕ್ಕೆ ಒರಗಿಸಿದೆವು. ಹುಲಿಗೆಮ್ಮ ಅಂಗಳದಲ್ಲೇ ನಿಂತಳು. ಮಹೇಶ್ವರಪ್ಪನವರು ನಮ್ಮ ಮಾತು ಪೂರ್ತಿ ಕೇಳಿದರು. ನಗಲಿಲ್ಲ, ಒಪ್ಪಲೂ ಇಲ್ಲ. ಬಟ್ಟೆ ಅಳೆದು ಪಳಗಿದವರು, ಅಳತೆಯನ್ನೇ ಹಿಡಿದರು.

"ನಿನ್ನ ಹಿಡಿ, ನನ್ನ ಹಿಡಿ ಒಂದೇ ಏನಮ್ಮ? ನನ್ನ ಕೈ ನೋಡು, ಎಷ್ಟು ದಪ್ಪ ಐತೆ."

"ದೊಡ್ಡ ಹಿಡಿಯೋರಿಗೆ ತೋಳೂ ಉದ್ದ ಇರ್ತೈತೆ, ಸ್ವಾಮಿ. ಲೆಕ್ಕ ಒಂದೇ ಬರ್ತೈತೆ. ಬೇಕಾದ್ರೆ ನೋಡ್ರಿ, ಪಡುವಲಾಗೆ ಬೆಳ್ಳಿ ಐತೆ, ಅದರ ಮೇಲೆ ಗುರು. ನಡುವೆ ಎಷ್ಟೈತೆ ಹಿಡೀರಿ."

ಮಹೇಶ್ವರಪ್ಪನವರು ಅಂಗಳಕ್ಕಿಳಿದು ತೋಳು ಚಾಚಿದರು. ಒಂದು ಹಿಡಿ, ಮೇಲೆ ಒಂದು ಬೆರಳು. ಹುಲಿಗೆಮ್ಮ ಹಿಡಿದಳು. ಒಂದು ಹಿಡಿ, ಒಂದು ಬೆರಳು. ನಾನೂ ಹಿಡಿದೆ, ಅಷ್ಟೇ ಬಂತು.

"ದಿನಾ ಬೆಳ್ಳಿ ಗುರುವಿನ ಕಡೆ ಸರೀತಾ ಐತೆ," ಎಂದಳು. "ಮುಂದಿನ ವಾರ ಇಷ್ಟು ಇರಾಕಿಲ್ಲ."

ಅವರು ಜಗಲಿಗೆ ಮರಳಿ, ಹುಲಿಗೆಮ್ಮ ತೋರಿಸಿದ ಕೊಟ್ರಮ್ಮನ ಬೇವಿನ ಎಲೆಯ ಚೌಕವನ್ನು ಬೆರಳಿನಿಂದ ಸವರಿದರು. ಕೊಂಡಿ, ಎರಡು ಉದ್ದ ಗೀರು, ಒಂದು ಗಿಡ್ಡ ಗೀರು, ಚಂದ್ರ. ಓರೆಯಾಗಿ ಇನ್ನೊಂದು ನೀಳ ಗೆರೆ.

"ಇದೇನು?"

"ಚುಕ್ಕಿ ಬಿತ್ತು ಅವತ್ತು."

"ಚುಕ್ಕಿ ಬಿದ್ರೆ ಯಾರೋ ಹೋದ್ರು ಅಂತಾರೆ."

"ಅಂತಾರೆ ಸ್ವಾಮಿ. ನನ್ನ ಕೈಗೆ ಅವತ್ತು ಕೂಸು ಬಂತು."

ಆದರೂ ಅವರ ಅನುಮಾನ ಹೋಗಲಿಲ್ಲ. ಗೀರು ಹೊಸದಾಗಿಯೂ ಹಾಕಬಹುದು. ಕೊನೆಗೆ ಹೇಳಿದರು: "ಇಷ್ಟು ಬಲ್ಲೆ ಅಂತೀಯ. ಈಗ ಮೂಡಲಲ್ಲಿ ಮೋಡ ಐತೆ, ಚಂದ್ರ ಅದರ ಹಿಂದೆ ಮೂಡ್ಯಾನೆ. ಕೊಂಡಿಗೆ ಎಷ್ಟು ಹಿಡಿ ದೂರ ಅವನೆ, ಹೇಳಿಬಿಡು. ಪಂಚಾಂಗ ನೋಡಿ ತಾಳೆ ಹಾಕ್ತೀನಿ."

ಹುಲಿಗೆಮ್ಮ ಪೂರ್ವಕ್ಕೆ ನೋಡಿದಳು. ಮುಂಗಾರಿಗೆ ಮುಂಚಿನ ಕರಿ ಮೋಡ, ಮಿಂಚು.

"ಕಾಣಾಕಿಲ್ಲ."

"ಅಂದಾಜು ಹೇಳು."

"ಕಾಣದ್ದನ್ನ ಹೇಳಿ ಅಭ್ಯಾಸ ಇಲ್ಲ ಸ್ವಾಮಿ."

ಪಂಚಾಂಗ ನೋಡಿಕೊಂಡೇ ಬಂದಿದ್ದ ನನಗೆ ಉತ್ತರ ಗೊತ್ತಿತ್ತು. ಹತ್ತಿರ ಹೋಗಿ ಪಿಸುಗುಟ್ಟಿದೆ: "ಒಂದು ಹಿಡಿ ಈಚೆ ಅನ್ನು, ಹುಲಿಗೆಮ್ಮ. ಕೊಟ್ರಮ್ಮನ ಬಾಳಿನ ಮಾತು."

"ಅದಕ್ಕೇ ಹೇಳಾಕಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ಇವತ್ತು ಕಾಣದೆ ಹೇಳಿದ್ರೆ, ಅವತ್ತು ಕಂಡಿದ್ದೂ ಸುಳ್ಳಾಗ್ತೈತೆ."

ಮಾವನವರು ತಲೆ ತಗ್ಗಿಸಿ ಕುಳಿತರು. ಮಹೇಶ್ವರಪ್ಪನವರು ಲಾಟೀನು ತೆಗೆದುಕೊಂಡು ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಮೇಲಿಂದ ಕೆಳಗೆ ಒಂದೊಂದೇ ಚೌಕ ನೋಡುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಇದರೊಳಗೆ ಏನೂ ಇಲ್ಲವಲ್ಲ?"

"ಅವತ್ತು ಮೋಡ."

"ಇದು?"

"ಅದೂ ಮೋಡ. ಶ್ರಾವಣದ ಹೆರಿಗೆ, ಜಡಿ ಹಿಡಿದಿತ್ತು."

ಅವರು ಖಾಲಿ ಚೌಕಗಳನ್ನು ಎಣಿಸಿದರು. ಮೂವತ್ತೊಂದು. ನನಗೆ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಅಳತೆ ಸಿಗದ ದಿನ ಪಕ್ಕದವನ ಪುಸ್ತಕ ನೋಡಿ ಅಂಕಿ ತುಂಬುತ್ತಿದ್ದೆವು. ಜಾಗ ಖಾಲಿ ಬಿಟ್ಟವನು ನಮ್ಮಲ್ಲಿ ಒಬ್ಬನೂ ಇರಲಿಲ್ಲ.

ಮಹೇಶ್ವರಪ್ಪನವರು ಎದ್ದು ಒಳಗಿನಿಂದ ಕೊಟ್ರಮ್ಮ ಹುಟ್ಟಿದ ಪ್ರಭವ ಸಂವತ್ಸರದ ಹಳೆಯ ಪಂಚಾಂಗ ತಂದು ಲಾಟೀನಿನ ಹತ್ತಿರ ಹಿಡಿದರು. ಶುಕ್ರವಾರ ರಾತ್ರಿ, ಪೂರ್ವಾಷಾಢ. ಎರಡು ಸಲ ಓದಿ ಮುಚ್ಚಿಟ್ಟರು.

"ಮೂವತ್ತೊಂದು ಕಡೆ ಗೊತ್ತಿಲ್ಲ ಅಂದಾಕಿ, ಒಂದು ಕಡೆ ಗೊತ್ತು ಅಂದ್ರೆ ನಂಬಬೇಕಾಗ್ತೈತೆ," ಎಂದು ಮಾವನವರಿಗೆ ಹೇಳಿ ಅಂಗಳದ ಕಡೆ ತಿರುಗಿದರು. "ಬಾಗಿಲನ್ನ ಮೇಲೆ ಕೂರಿಸಿ ಬಾಗಿಲಿನಾಕೀನ ಕೆಳಗೆ ನಿಲ್ಲಿಸೀವಿ. ಬಾರಮ್ಮ, ಮೇಲೆ ಬಾ."

ಹುಲಿಗೆಮ್ಮ ಜಗಲಿಯ ಮೇಲೆ ಕುಳಿತು ಹಾಲು ಕುಡಿದಳು. ಬಾಗಿಲಿಗೆ ಹಗ್ಗ ಸರಿಯಾಗಿ ಬಿಗೀರಿ, ವಾಪಸ್ ಹೋಗುವಾಗ ಗೀರು ಉಜ್ಜಬಾರದು ಎಂದು ನನಗೆ ಎರಡು ಸಲ ಹೇಳಿದಳು.

ನಕ್ಷತ್ರ ಮಾವನನ್ನು ಕೊಲ್ಲುತ್ತದೆ ಎಂಬುದನ್ನು ನಾನು ನಂಬುವವನಲ್ಲ. ಆದರೆ ಓದು ಬಾರದ ಒಬ್ಬ ಹೆಂಗಸು ತನ್ನ ಕಣ್ಣು, ತನ್ನ ತೋಳನ್ನು ಇಷ್ಟು ನೇರವಾಗಿ ಇಟ್ಟುಕೊಂಡದ್ದು ನಮ್ಮ ಜಗಳೂರಿನಲ್ಲಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಶಾಲೆಯಲ್ಲಿ ಈಗ ನಾನು ಡಿಗ್ರಿ ಹೇಳಿಕೊಡುವುದು ಮುಷ್ಟಿ ಹಿಡಿಸಿಯೇ. ಕಾಣದಿದ್ದರೆ ಖಾಲಿ ಬಿಡಿ ಎಂದು ಮಕ್ಕಳಿಗೆ ಮೊದಲೇ ಹೇಳುತ್ತೇನೆ.

ಕೊಟ್ರಮ್ಮನಿಗೆ ಇಬ್ಬರು ಮಕ್ಕಳು. ಇಬ್ಬರೂ ತವರಿನಲ್ಲಿ, ಹುಲಿಗೆಮ್ಮನ ಕೈಯಲ್ಲೇ ಹುಟ್ಟಿದರು. ಮಹೇಶ್ವರಪ್ಪನವರು ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಬೆಳ್ಳಿ ಎಲ್ಲಿದೆ ನೋಡುತ್ತಾರಂತೆ.

ಇದು ನಲವತ್ತೆಂಟನೆಯ ಇಸವಿ. ಹುಲಿಗೆಮ್ಮ ಜಗಳೂರಿನಲ್ಲೇ ಇದ್ದಾಳೆ, ಈಗಲೂ ಹೆರಿಗೆ ಮಾಡಿಸುತ್ತಾಳೆ. ಹಳೆಯ ಬಾಗಿಲು ತುಂಬಿದೆ. ಹೋದ ತಿಂಗಳಿಂದ ಹಿತ್ತಲ ಬಾಗಿಲಿನ ಮೇಲೆ ಗೀರು ಹಾಕುತ್ತಿದ್ದಾಳೆ.